ಸಮ ಚಿಹ್ನೆಯ ಎಡಕ್ಕೂ ಒಂದು ಖಾಲಿ ಚೌಕ ಕೊಡಿ

ಗಣಿತದ ಪಠ್ಯಪುಸ್ತಕ ಬರೆಯುವವರಿಗೆ, ಒಂದರಿಂದ ಏಳನೇ ತರಗತಿವರೆಗಿನ ಪ್ರಶ್ನೆಪತ್ರಿಕೆ ತಯಾರಿಸುವವರಿಗೆ, ಪ್ರತಿ ಜೂನ್‌ನಲ್ಲಿ ಸೇತುಬಂಧದ, ಅಂದರೆ ಹಿಂದಿನ ತರಗತಿಯ ಕಲಿಕೆಯನ್ನು ಪರೀಕ್ಷಿಸಿ ತಿರುಗಿಸುವ ಕಾರ್ಯಕ್ರಮದ ಹಾಳೆಗಳನ್ನು ನಮಗೆ ಕಳಿಸಿಕೊಡುವವರಿಗೆ,

ನಮಸ್ಕಾರ.

ನಾನು ತುಮಕೂರು ಜಿಲ್ಲೆಯ ಒಂದು ಹೋಬಳಿ ಊರಿನ ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಡುವವಳು. ಸುತ್ತಲಿನ ಏಳೆಂಟು ಹಳ್ಳಿಗಳಲ್ಲಿ ಏಳನೇ ತರಗತಿ ಮುಗಿಸಿದ ಮಕ್ಕಳು ಎಂಟಕ್ಕೆ ನಮ್ಮಲ್ಲಿಗೆ ಬರುತ್ತಾರೆ. ಸೇತುಬಂಧದ ನೈದಾನಿಕ ಪರೀಕ್ಷೆ ಮಾಡಿ, ಯಾರಿಗೆ ಏನು ಬರುತ್ತದೆ, ಏನು ಬರುವುದಿಲ್ಲ ಎಂದು ಪಟ್ಟಿ ಮಾಡಿ, ಹದಿನೈದು ದಿನ ಹಿಂದಿನ ಪಾಠ ತಿರುಗಿಸಿ, ಸಾಫಲ್ಯ ಪರೀಕ್ಷೆ ಮುಗಿಸಿ ಪಾಠಕ್ಕೆ ಇಳಿಯುತ್ತೇವೆ. ಹಲವು ವರ್ಷ ಹೀಗೇ ಮಾಡಿಕೊಂಡು ಬಂದಿದ್ದೇನೆ. ಬೀಜಗಣಿತದ ಭಾಗದಲ್ಲಿ ಮಕ್ಕಳು ಅಷ್ಟೇನೂ ಕೆಟ್ಟದಾಗಿ ಬರೆಯುವುದಿಲ್ಲ. ಸಜಾತಿ ಪದ ಗುರುತಿಸಿ ಎಂದರೆ ಗುರುತಿಸುತ್ತಾರೆ. ಸಹಗುಣಕ ಬರೆ ಎಂದರೆ ಬರೆಯುತ್ತಾರೆ. ಆಗಸ್ಟ್ ಹೊತ್ತಿಗೆ ರೇಖಾತ್ಮಕ ಸಮೀಕರಣದ ಪಾಠ ಬಂದಾಗ ಮಾತ್ರ ತರಗತಿಯ ಅರ್ಧ ಭಾಗ ಕತ್ತು ಬಗ್ಗಿಸಿಕೊಂಡು ಕೂರುತ್ತದೆ.

ಯಾಕೆ ಹೀಗೆ ಎಂದು ತಲೆ ಕೆರೆದುಕೊಂಡು, ಒಂದು ವರ್ಷ ಅಚ್ಚಾದ ಹಾಳೆ ಪಕ್ಕಕ್ಕಿಟ್ಟು ಬೋರ್ಡಿನ ಮೇಲೆ ಒಂದೇ ಒಂದು ಲೆಕ್ಕ ಬರೆದೆ. ಅದರಲ್ಲಿ ಅಕ್ಷರವೂ ಇಲ್ಲ, ಬೀಜೋಕ್ತಿಯೂ ಇಲ್ಲ.

8 + 4 = ☐ + 5

ಎಂಟನೇ ತರಗತಿಯ ಮಕ್ಕಳು. ಮುಕ್ಕಾಲು ಪಾಲು ಚೌಕದೊಳಗೆ 12 ಬರೆದರು. ಕೆಲವರು ಎಲ್ಲವನ್ನೂ ಕೂಡಿ 17 ಅಂದರು. ಹಿಂದಿನ ಬೆಂಚಿನ ಒಬ್ಬಳು 7 ಎಂದು ಬರೆದಿದ್ದಳು. "ಹೇಗೆ ಬಂತಮ್ಮ?" ಎಂದು ಕೇಳಿದೆ, ಪಾಪ, ತಪ್ಪಾಗಿದೆ ಅಂದುಕೊಂಡು ಅದನ್ನು ಅಳಿಸಿ 12 ಮಾಡಿಬಿಟ್ಟಳು. ಮುಂದಿನ ಸಾಲಿನ ಹುಡುಗನನ್ನು ಕೇಳಿದರೆ ಅವನಿಗೆ ಎಳ್ಳಷ್ಟೂ ಅನುಮಾನವಿಲ್ಲ. "ಎಂಟೂ ನಾಲ್ಕೂ ಹನ್ನೆರಡು ಮಿಸ್. ಆ ಐದು ಸುಮ್ನೆ ಹಾಕವ್ರೆ, ನಮ್ಮನ್ನ ಏಮಾರ್ಸಕ್ಕೆ."

ಆ ಹುಡುಗ ಹೇಳಿದ್ದು ನನಗೆ ಎಷ್ಟೋ ದಿನ ಕೊರೆಯಿತು. ಅವನ ಪ್ರಕಾರ ಸಮ ಚಿಹ್ನೆ ಅಂದರೆ "ಈಗ ಉತ್ತರ ಬರಿ" ಎಂಬ ಅಪ್ಪಣೆ. ಉತ್ತರ ಬರೆದಾದ ಮೇಲೂ ಏನೋ ಉಳಿದಿದ್ದರೆ ಅದು ಪ್ರಶ್ನೆ ತೆಗೆದವರ ಕಿತಾಪತಿ. ಕನ್ನಡ ಮಾಧ್ಯಮದ ಮಕ್ಕಳೂ ಅದನ್ನು "ಸಮ" ಎಂದು ಓದುವುದಿಲ್ಲ, ಗಮನಿಸಿ ನೋಡಿ. "ಇಸೀಕೋಲ್ಟು" ಅನ್ನುತ್ತಾರೆ. ಅದೊಂದು ಶಬ್ದ ಅಷ್ಟೆ, ಕಂಡಕ್ಟರ್ ಊದುವ ಸೀಟಿಯ ಹಾಗೆ. ಸೀಟಿ ಬಿತ್ತು, ಉತ್ತರ ಇಳಿಯಬೇಕು.

ಮಕ್ಕಳನ್ನು ಬೈದು ಏನೂ ಪ್ರಯೋಜನವಿಲ್ಲ. ಒಂದನೇ ತರಗತಿಯಿಂದ ಐದರವರೆಗಿನ ನಿಮ್ಮ, ಅಂದರೆ ನಮ್ಮೆಲ್ಲರ ಪ್ರಶ್ನೆಪತ್ರಿಕೆಗಳನ್ನು ಒಂದು ಸಂಜೆ ಕೂತು ತಿರುವಿಹಾಕಿ. ಲೆಕ್ಕ ಎಡಕ್ಕೆ, ಸಮ ಚಿಹ್ನೆ ನಡುವೆ, ಖಾಲಿ ಜಾಗ ಬಲಕ್ಕೆ. ನಾನು ಕೈಗೆ ಸಿಕ್ಕಿದಷ್ಟು ಹಾಳೆ ನೋಡಿದೆ, ಖಾಲಿ ಜಾಗ ಎಡಕ್ಕೆ ಬಂದದ್ದು ಬೆರಳೆಣಿಕೆಯಷ್ಟು. ಫೋನಿನ ಕ್ಯಾಲ್ಕುಲೇಟರ್‌ನಲ್ಲೂ ಆ ಗುಂಡಿ ಒತ್ತಿದರೆ ಉತ್ತರವೇ ಬರುವುದು. ಐದು ವರ್ಷ ದಿನಾ ಹೀಗೆ ನೋಡಿದ ಮಗು ಬೇರೆ ಅರ್ಥ ಎಲ್ಲಿಂದ ತಂದೀತು? ಒಮ್ಮೆ ಆರನೇ ತರಗತಿಯ ಮಕ್ಕಳಿಗೆ 7 = 7 ಎಂದು ಬರೆದು ಸರಿಯೋ ತಪ್ಪೋ ಎಂದು ಕೇಳಿದೆ. "ತಪ್ಪು ಮಿಸ್, ಲೆಕ್ಕಾನೇ ಇಲ್ವಲ್ಲ" ಅಂದರು. 12 = 8 + 4 ಎಂದು ಬರೆದರೆ "ಉಲ್ಟಾ ಬರ್ದಿದೀರಾ" ಅಂದರು.

ನಾನೂ ಈ ಪಾಪದಲ್ಲಿ ಪಾಲುದಾರಳು. ಐದು ಪೆನ್ನಿಗೆ ಹತ್ತತ್ತು ರೂಪಾಯಿ, ಒಂದು ನೋಟ್‌ಬುಕ್ಕಿಗೆ 30, ಒಟ್ಟು ಎಷ್ಟು ಎಂಬ ಲೆಕ್ಕವನ್ನು ಬೋರ್ಡಿನ ಮೇಲೆ ಎಷ್ಟು ಸಲ 5 × 10 = 50 + 30 = 80 ಎಂದು ಒಂದೇ ಉಸಿರಲ್ಲಿ ಬರೆದಿದ್ದೇನೋ. ಐದು ಹತ್ತಲಿ ಐವತ್ತು, ಅದು ಎಂಬತ್ತಕ್ಕೆ ಸಮ ಎಂದು ನಾನೇ ಸುಳ್ಳು ಬರೆದಿದ್ದೇನೆ. ಅಂಗಡಿಯ ಚೀಟಿಯಲ್ಲಾದರೆ ಯಾರೂ ಕೇಳುವುದಿಲ್ಲ. ತರಗತಿಯಲ್ಲಿ ಅದನ್ನು ನಲವತ್ತು ಮಕ್ಕಳು ನೋಡಿ ಬರೆದುಕೊಳ್ಳುತ್ತಾರೆ.

ಸಮ ಚಿಹ್ನೆ ಅಂದರೆ "ಉತ್ತರ ಬರಿ" ಎಂಬ ಈ ಒಂದು ಕಲ್ಪನೆ ಹಿಡಿದು ಜಗ್ಗಿದರೆ, ಬೀಜಗಣಿತದಲ್ಲಿ ಮಕ್ಕಳು ಮಾಡುವ ಎಷ್ಟೋ ತಪ್ಪು ಬೇರುಸಮೇತ ಮೇಲೆ ಬರುತ್ತವೆ. (ಪುಸ್ತಕದಲ್ಲಿ ಎಕ್ಸ್ ಎಂದು ಇರುವ ಕಡೆ ಈ ಪತ್ರದಲ್ಲಿ ನಾನು "ಯಾ" ಎಂದು ಬರೆಯುತ್ತೇನೆ, ಕಾರಣ ಆಮೇಲೆ ಹೇಳುತ್ತೇನೆ.) ಯಾ + 5 ಎಂಬುದನ್ನು ಮಗು ಹಾಗೇ ಬಿಡುವುದಿಲ್ಲ, 5ಯಾ ಎಂದು ಮಾಡಿ ಮುಗಿಸುತ್ತದೆ. 2ಎ + 3ಬಿ ಕೊಟ್ಟರೆ 5ಎಬಿ. ಕೂಡಿಸುವ ಚಿಹ್ನೆ ಉಳಿದುಕೊಂಡರೆ ಲೆಕ್ಕ ಮುಗಿದಿಲ್ಲ, ಉತ್ತರ ಅಂದರೆ ಒಂದೇ ಒಂಟಿ ಸಂಖ್ಯೆಯಾಗಿರಬೇಕು ಎಂಬ ಐದು ವರ್ಷದ ಅಭ್ಯಾಸ ಅದು. ನಾವು ಅದಕ್ಕೆ ಔಷಧಿ ಎಂದು ಕೊಡುವುದು ಹಣ್ಣಿನ ಕಥೆ: "ಎ ಅಂದ್ರೆ ಆ್ಯಪಲ್, ಬಿ ಅಂದ್ರೆ ಬಾಳೆಹಣ್ಣು, ಎರಡನ್ನೂ ಸೇರಿಸೋಕಾಗುತ್ತಾ?" ಆ ದಿನದ ಮಟ್ಟಿಗೆ ಕೆಲಸ ಆಗುತ್ತದೆ. ಆದರೆ ಅಕ್ಷರ ಅಂದರೆ ವಸ್ತು ಎಂದು ಮಗುವಿನ ತಲೆಯಲ್ಲಿ ಕೂತುಬಿಡುತ್ತದೆ. ಅದು ವಸ್ತುವಲ್ಲ, ಸಂಖ್ಯೆ.

ನಮ್ಮ ಸೀಮೆಯಲ್ಲಿ ಕುರಿ ಜಾಸ್ತಿ, ಹಾಗಾಗಿ ಕುರಿ ಲೆಕ್ಕವನ್ನೇ ಕೊಟ್ಟು ನೋಡಿದೆ. ಒಂದು ಹಟ್ಟಿಯಲ್ಲಿ ಮೇಕೆಗಳ ಆರರಷ್ಟು ಕುರಿಗಳಿವೆ. ಕುರಿಗಳ ಸಂಖ್ಯೆ "ಕು", ಮೇಕೆಗಳ ಸಂಖ್ಯೆ "ಮೇ". ಸಮೀಕರಣ ಬರೆಯಿರಿ. ಹೆಚ್ಚಿನವರು 6ಕು = ಮೇ ಎಂದು ಬರೆದರು, ಹತ್ತನೇ ತರಗತಿಯವರೂ ಸೇರಿದಂತೆ. "ಆರು ಕುರಿಗೆ ಒಂದು ಮೇಕೆ" ಎಂದು ಬಾಯಲ್ಲಿ ಹೇಳಿಕೊಂಡು ಹಾಗೇ ಕೈಯಲ್ಲಿ ಇಳಿಸಿದ್ದಾರೆ. ಎರಡೂ ಕಡೆ ಸಮ ಇರಬೇಕು ಎಂಬ ಯೋಚನೆ ಬಂದಿದ್ದರೆ, ಮೊದಲೇ ಜಾಸ್ತಿ ಇರುವ ಕುರಿಯನ್ನು ಇನ್ನೂ ಆರರಿಂದ ಗುಣಿಸಿದರೆ ಅದು ಮೇಕೆಗೆ ಹೇಗೆ ಸಮವಾದೀತು ಎಂದು ಅಲ್ಲೇ ತಡೆದು ನಿಲ್ಲುತ್ತಿದ್ದರು. ಮನೆಯಲ್ಲಿ ಕುರಿ ಕಾಯುವ ಹುಡುಗನೂ ಹಾಗೆ ತಡೆದು ನಿಲ್ಲಲಿಲ್ಲ. ದಿನಾ ಸಂಜೆ ಎಣಿಸಿ ದೊಡ್ಡಿಗೆ ಕೂಡುವ ಕುರಿಯೇ ಬೇರೆ, ಹಾಳೆಯ ಮೇಲಿನ "ಕು"ವೇ ಬೇರೆ ಎಂದು ಅವನಿಗೆ ಯಾರೋ ಕಲಿಸಿದ್ದಾರೆ. ಆ ಯಾರೋ ನಾವೇ.

ಇನ್ನು ಪಕ್ಷಾಂತರ. ಸಮ ಚಿಹ್ನೆಯ ಈಚೆಗಿರುವುದನ್ನು ಆಚೆಗೆ ಒಯ್ಯುವುದಕ್ಕೆ ತರಗತಿಯಲ್ಲಿ ನಾವು ಬಳಸುವ ಮಾತು ಅದು. "ಪಕ್ಷಾಂತರ ಮಾಡಿದರೆ ಚಿಹ್ನೆ ಬದಲಾಗುತ್ತದೆ" ಎಂದು ಹೇಳಿಕೊಟ್ಟಾಗ ದೊಡ್ಡ ಮಕ್ಕಳು ಕಿಸಕ್ಕನೆ ನಗುತ್ತಾರೆ. ಟಿವಿಯಲ್ಲಿ ನೋಡಿರುತ್ತಾರಲ್ಲ. ನಗು ಬಂದದ್ದರಿಂದ ನೆನಪಲ್ಲೂ ಉಳಿಯುತ್ತದೆ, ಪಾಠ ಬೇಗ ಮುಗಿಯುತ್ತದೆ, ಸಿಲೆಬಸ್ಸೂ ಮುಗಿಯುತ್ತದೆ. ವರ್ಷಗಟ್ಟಲೆ ನಾನು ಈ ಮಂತ್ರ ಹೇಳಿಕೊಟ್ಟೆ.

3ಯಾ = 12 ಎಂಬ ಲೆಕ್ಕಕ್ಕೆ ಒಬ್ಬ ಹುಡುಗ ಯಾ = 12 − 3 = 9 ಎಂದು ಬರೆದ. ಇನ್ನೊಬ್ಬಳು 12ನ್ನು −3ರಿಂದ ಭಾಗಿಸಿ −4 ತಂದಳು. ಇಬ್ಬರೂ ನಾನು ಹೇಳಿಕೊಟ್ಟದ್ದನ್ನೇ ಚಾಚೂ ತಪ್ಪದೆ ಮಾಡಿದ್ದರು. ಮೂರು ಆಚೆಗೆ ಹೋಯಿತು, ಚಿಹ್ನೆ ಬದಲಾಯಿತು. ಮೂರು ಯಾಕೆ ಹೋಯಿತು, ಏನಾಗಿ ಹೋಯಿತು ಎಂದು ಕೇಳಿದರೆ ಇಬ್ಬರಿಗೂ ಗೊತ್ತಿಲ್ಲ. ನಿಜ ಹೇಳಬೇಕೆಂದರೆ ಅಲ್ಲಿ ಯಾವುದೂ ಎಲ್ಲಿಗೂ ಹೋಗುವುದಿಲ್ಲ. ಎರಡೂ ಕಡೆ ಒಂದೇ ಕೆಲಸ ಮಾಡುತ್ತೇವೆ, ಎರಡೂ ಕಡೆಯನ್ನು ಮೂರರಿಂದ ಭಾಗಿಸುತ್ತೇವೆ, ಅಷ್ಟೆ. ನಮ್ಮ ಹಳೆಯ ಬೀಜಗಣಿತಕಾರರು ಸಮೀಕರಣದ ಎರಡು ಕಡೆಯನ್ನು ಎರಡು ಪಕ್ಷ ಎಂದೇ ಕರೆದರು. ಆದರೆ ಎರಡರಿಂದಲೂ ಸಮವಾಗಿ ಕಳೆಯುವ ಕೆಲಸಕ್ಕೆ ಅವರಿಟ್ಟ ಹೆಸರು ಸಮಶೋಧನ. ಅವರು ಸಮಕ್ಕೆ ಒತ್ತು ಕೊಟ್ಟರು, ನಾವು ಜಿಗಿತಕ್ಕೆ ಕೊಟ್ಟೆವು.

ತಕ್ಕಡಿಯ ಚಿತ್ರ ಪುಸ್ತಕದಲ್ಲಿದೆ, ಇಲ್ಲವೆನ್ನುವುದಿಲ್ಲ. ಆದರೆ ಇವತ್ತಿನ ಮಗು ಕಂಡಿರುವುದು ಕೆಂಪು ಅಂಕಿ ಮಿನುಗುವ ಎಲೆಕ್ಟ್ರಾನಿಕ್ ತಕ್ಕಡಿ. ಅದಕ್ಕಿರುವುದು ಒಂದೇ ತಟ್ಟೆ. ಸಾಮಾನು ಇಟ್ಟರೆ ಉತ್ತರ ಬೀಳುತ್ತದೆ. ಮತ್ತೆ ಅದೇ ಸೀಟಿ! ಎರಡು ತಟ್ಟೆಯದು ನೋಡಬೇಕೆಂದರೆ ಸಂತೆಗೆ ಹೋಗಬೇಕು, ಅಲ್ಲೂ ಈಗ ಅಪರೂಪ. ನನ್ನ ಚಿಕ್ಕಂದಿನಲ್ಲಿ ಎಣ್ಣೆ ಅಂಗಡಿಯವರು ನಾವು ಒಯ್ದ ಖಾಲಿ ಪಾತ್ರೆಯನ್ನು ಒಂದು ತಟ್ಟೆಗಿಟ್ಟು, ಇನ್ನೊಂದು ತಟ್ಟೆಗೆ ಪುಡಿಗಲ್ಲು ಹಾಕಿ ಮುಳ್ಳು ನೇರ ಮಾಡಿಕೊಂಡು, ಆಮೇಲೆ ತೂಕದ ಕಲ್ಲಿಟ್ಟು ಎಣ್ಣೆ ಸುರಿಯುತ್ತಿದ್ದರು. ಎರಡೂ ಕಡೆ ಅಷ್ಟಷ್ಟೇ ಸೇರಿಸಿದರೆ ಸಮ ಕೆಡುವುದಿಲ್ಲ ಎಂಬುದು ಆ ಅಂಗಡಿಕಟ್ಟೆಯಲ್ಲೇ ನಮ್ಮ ಕಣ್ಣಿಗೆ ಬಿದ್ದಿತ್ತು.

ಹಾಗಾಗಿ ನಾನೇ ಒಂದು ತಕ್ಕಡಿ ಕಟ್ಟಿದೆ. ಬಟ್ಟೆ ನೇತುಹಾಕುವ ಹ್ಯಾಂಗರ್, ಎರಡು ತುದಿಗೆ ಒಂದೇ ಅಳತೆಯ ಎರಡು ಸಣ್ಣ ಕೈಚೀಲ, ಕಿಟಕಿಯ ಕಂಬಿಗೆ ನೇತುಹಾಕಿದ್ದು. ಬೀಜಗಣಿತಕ್ಕೆ ಬೀಜವೇ ಇರಲಿ ಎಂದು ಹುಣಸೆ ಬೀಜ ತಂದೆ. ಕೆಟ್ಟ ಯೋಚನೆ. ಒಂದು ಬೀಜದ ಹಾಗೆ ಇನ್ನೊಂದು ತೂಗುವುದಿಲ್ಲ, ಎಂಟಕ್ಕೆ ಎಂಟು ಹಾಕಿದರೂ ಹ್ಯಾಂಗರ್ ವಾಲುತ್ತಿತ್ತು, ಮಕ್ಕಳಿಗೆ ಅದೇ ಒಂದು ತಮಾಷೆಯಾಯಿತು. ಮಾರನೇ ದಿನ ಗೋಲಿ ತಂದೆ. ಎರಡು ಕುಂಕುಮದ ಡಬ್ಬಿಯಲ್ಲಿ ಮೂರು ಮೂರು ಗೋಲಿ ಹಾಕಿ ಮುಚ್ಚಿ, ಎಷ್ಟಿವೆ ಎಂದು ಹೇಳದೆ, ಎರಡು ಬಿಡಿ ಗೋಲಿಯ ಜೊತೆ ಎಡಗಡೆ ಚೀಲಕ್ಕೆ ಇಳಿಸಿದೆ. ಬಲಗಡೆ ಎಂಟು ಗೋಲಿ. ಹ್ಯಾಂಗರ್ ಎಡಕ್ಕೆ ವಾಲಿತು. ನಾನು ಪೆಚ್ಚಾಗಿ ನಿಂತಿದ್ದೆ. ಉತ್ತರ ಅಳಿಸಿ 12 ಮಾಡಿದ್ದಳಲ್ಲ, ಅದೇ ಹುಡುಗಿ ಎದ್ದು, "ಡಬ್ಬಿದೂ ಭಾರ ಐತಲ್ವಾ ಮಿಸ್, ಆಕಡೆಗೂ ಎರಡು ಖಾಲಿ ಡಬ್ಬಿ ಹಾಕಿ" ಅಂದಳು. ಹಾಕಿದೆ. ನೇರವಾಯಿತು.

ಆಮೇಲೆ ಅವರೇ ಎರಡೂ ಕಡೆಯಿಂದ ಎರಡೆರಡು ಗೋಲಿ ತೆಗೆದರು. ಉಳಿದದ್ದು ಎರಡು ಡಬ್ಬಿಗೆ ಆರು ಗೋಲಿ, ಒಂದಕ್ಕೆ ಮೂರು. ಡಬ್ಬಿ ಬಿಚ್ಚಿ ನೋಡಿದರು. ಬಿಚ್ಚಿ ನೋಡುವುದು ಮುಖ್ಯ ಎಂದು ನನಗೆ ಆವತ್ತು ಹೊಳೆದದ್ದು. ಹಳಬರು ತಾಳೆ ನೋಡುವುದು ಅನ್ನುತ್ತಿದ್ದರಲ್ಲ, ಅದು. ಯಾ = 9 ಎಂದು ಬರೆದ ಹುಡುಗ ಅದನ್ನು ಒಯ್ದು ಮೂರರಿಂದ ಗುಣಿಸಿ 27 ಎಂದು ಕಂಡಿದ್ದರೆ ನನ್ನ ಕೆಂಪು ಪೆನ್ನು ಬೇಕೇ ಇರಲಿಲ್ಲ. ಬೀಜಗಣಿತದಷ್ಟು ಧಾರಾಳವಾಗಿ ತನ್ನ ಉತ್ತರವನ್ನು ತಾನೇ ಪರೀಕ್ಷಿಸಿಕೊಳ್ಳಲು ಬಿಡುವ ಪಾಠ ಶಾಲೆಯಲ್ಲಿ ಇನ್ನೊಂದಿಲ್ಲ. ಅದಕ್ಕೆ ನಾವು ಅರ್ಧ ಅಂಕವನ್ನೂ ಇಟ್ಟಿಲ್ಲ.

"ಯಾ" ಎಂದು ಯಾಕೆ ಬರೆದೆ ಎಂದು ಹೇಳುತ್ತೇನೆಂದಿದ್ದೆ. ಎಕ್ಸ್ ಮತ್ತು ಗುಣಾಕಾರ ಚಿಹ್ನೆ ಮಕ್ಕಳ ಕೈಬರಹದಲ್ಲಿ ಅವಳಿಜವಳಿ, ಅದೊಂದು ತೊಂದರೆ. ಅದಕ್ಕಿಂತ ದೊಡ್ಡದು "ಚರಾಕ್ಷರ" ಎಂಬ ಮಾತು. ಚರ ಅಂದರೆ ಚಲಿಸುವುದು. ಬೆಂಕಿಕಡ್ಡಿಯಲ್ಲಿ ವಿನ್ಯಾಸ ಜೋಡಿಸುತ್ತಾ ಹೋದಾಗ ಅಕ್ಷರದ ಬೆಲೆ ಒಂದು, ಎರಡು, ಮೂರು ಎಂದು ನಿಜಕ್ಕೂ ಚಲಿಸುತ್ತದೆ. ಆದರೆ 3ಯಾ = 12ರಲ್ಲಿ ಅದು ಎಲ್ಲಿ ಚಲಿಸಿತು? ಡಬ್ಬಿಯೊಳಗಿನ ಗೋಲಿಯ ಹಾಗೆ ಒಂದೇ ಬೆಲೆ, ನಮಗೆ ಗೊತ್ತಿಲ್ಲ ಅಷ್ಟೆ. ಎರಡಕ್ಕೂ ಒಂದೇ ಹೆಸರಿಟ್ಟು ಮಗುವನ್ನು ಕಂಗೆಡಿಸುತ್ತಿದ್ದೇವೆ. 628ರಲ್ಲಿ ಬ್ರಹ್ಮಗುಪ್ತ ತನ್ನ ಗ್ರಂಥ ಬರೆದಾಗ ಗೊತ್ತಿಲ್ಲದ್ದನ್ನು ಅವ್ಯಕ್ತ ಎಂದ. 1150ರಲ್ಲಿ ಬೀಜಗಣಿತದ ಮೇಲೆ ಬರೆದ ಎರಡನೇ ಭಾಸ್ಕರ ಮೊದಲ ಅವ್ಯಕ್ತಕ್ಕೆ ಬಳಸಿದ ಹೆಸರು "ಯಾವತ್ತಾವತ್", ಚುಟುಕಾಗಿ "ಯಾ". ಇನ್ನೂ ಬೇಕಾದರೆ ಬಣ್ಣಗಳ ಹೆಸರು: ಕಾಲಕ, ನೀಲಕ, ಪೀತಕ. ಯಾವತ್ತಾವತ್ ಎಂದರೆ ಅಚ್ಚ ಕನ್ನಡದಲ್ಲಿ "ಎಷ್ಟೋ ಅಷ್ಟು". ನನ್ನ ಮಕ್ಕಳಿಗೆ ಈ ಮಾತು ಬಹಳ ಹಿಡಿಸಿತು. "ಮೂರು ಎಷ್ಟೋ ಸೇರಿದರೆ ಹನ್ನೆರಡು" ಎಂದು ಓದುತ್ತಾರೆ. ಹಾಗೆ ಓದಿದ ಮಗು ಮೂರನ್ನು ಕಳೆಯಲು ಹೋಗುವುದಿಲ್ಲ. ಪರೀಕ್ಷೆಗೆ ಎಕ್ಸ್ ಬೇಕು, ಬರೆಯಲಿ. ಬರೆಯುವ ಮೊದಲು ಒಂದೆರಡು ತಿಂಗಳು "ಎಷ್ಟೋ" ಅನ್ನಲಿ.

ಇನ್ನೊಂದು ಸಂಗತಿ. ಇವರಿಗೆ ಬೀಜಗಣಿತ ಬರುವುದಿಲ್ಲ ಎಂಬುದೇ ಸುಳ್ಳು. ಹಾರಿ ಹೋಗುವ ಗಿಳಿಗಳ ಹಳೇ ಒಗಟು ನಿಮಗೂ ಗೊತ್ತಿರಬೇಕು. "ನೂರು ಗಿಳಿಗಳೇ" ಎಂದು ಕೂಗಿದವನಿಗೆ ಗಿಳಿ ಹೇಳುತ್ತದೆ: ನಾವು ನೂರಲ್ಲ, ನಾವಿರುವಷ್ಟು, ಮತ್ತೆ ಅಷ್ಟು, ಅದರರ್ಧ, ಅದರ ಕಾಲು, ಜೊತೆಗೆ ನೀನೂ ಸೇರಿದರೆ ನೂರು. ಇದನ್ನು ಕೇಳಿದಾಗ ಆ ಕುರಿ ಕಾಯುವ ಹುಡುಗ ಪೆನ್ನೇ ಎತ್ತಲಿಲ್ಲ. "ಅವ್ನೊಬ್ಬನ್ನ ತೆಗುದ್ರೆ ತೊಂಬತ್ತೊಂಬತ್ತು. ಕಾಲನ್ನ ಒಂದು ಪಾಲು ಅಂತ ಇಟ್ಕೊಂಡ್ರೆ ನಾಕು, ನಾಕು, ಎರಡು, ಒಂದು. ಹನ್ನೊಂದು ಪಾಲು. ಒಂದ್ ಪಾಲಿಗೆ ಒಂಬತ್ತು. ಮೂವತ್ತಾರು ಗಿಳಿ." ಎರಡೂ ಕಡೆಯಿಂದ ಒಂದು ಕಳೆದ, ಅವ್ಯಕ್ತಕ್ಕೆ ಪಾಲು ಎಂದು ಹೆಸರಿಟ್ಟ, ಸಜಾತಿ ಪದ ಕೂಡಿದ, ಭಾಗಿಸಿದ. ಅದನ್ನೇ ಪುಸ್ತಕದ ಭಾಷೆಯಲ್ಲಿ ಬೋರ್ಡಿಗೆ ಬರೆದು ಕೊಟ್ಟರೆ ಸೊನ್ನೆ. ನಾವು ಇವನ ಮಟ್ಟವನ್ನು "ಸಿ" ಎಂದು ದಾಖಲಿಸಿ ಮೇಲಕ್ಕೆ ಕಳಿಸಿದ್ದೇವೆ.

2009ರ ಶಿಕ್ಷಣ ಹಕ್ಕು ಕಾಯ್ದೆ ಆರರಿಂದ ಎಂಟನೇ ತರಗತಿಯನ್ನು ಒಂದೇ ಘಟ್ಟ ಎಂದು ನೋಡುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಹಾಗೆಯೇ. ನಮ್ಮ ಹಳ್ಳಿಗಳಲ್ಲಿ ಆರು, ಏಳು ಒಂದು ಕಟ್ಟಡದಲ್ಲಿ, ಎಂಟು ಇನ್ನೊಂದು ಕಟ್ಟಡದಲ್ಲಿ. ಬೀಜಗಣಿತ ಮೊಳಕೆಯೊಡೆಯುವುದು ಅಲ್ಲಿ, ನಾಟಿ ಆಗುವುದು ಇಲ್ಲಿ. ಅಲ್ಲಿನ ಮೇಷ್ಟ್ರು ಹೇಗೆ ಹೇಳಿಕೊಟ್ಟರು ಎಂದು ನನಗೆ ಗೊತ್ತಿಲ್ಲ, ನಾನೇನು ಅನುಭವಿಸುತ್ತಿದ್ದೇನೆ ಎಂದು ಅವರಿಗೆ ಗೊತ್ತಿಲ್ಲ. ಕ್ಲಸ್ಟರ್ ಸಮಾಲೋಚನಾ ಸಭೆ ನಮಗೆ ಬೇರೆ, ಅವರಿಗೆ ಬೇರೆ. ಇದನ್ನು ಒಂದು ಪತ್ರದಿಂದ ಸರಿಪಡಿಸಲಾಗದು ಎಂದು ಗೊತ್ತು, ವರ್ಷಕ್ಕೊಂದು ಮಧ್ಯಾಹ್ನವಾದರೂ ಒಟ್ಟಿಗೆ ಕೂರಿಸಿ ಎಂದಷ್ಟೇ ಹೇಳಿ ಮುಂದೆ ಹೋಗುತ್ತೇನೆ.

ನಾನು ಕೇಳುತ್ತಿರುವುದಕ್ಕೆ ಹಣ ಬೇಡ, ಕಿಟ್ ಬೇಡ, ಹೊಸ ಆ್ಯಪ್ ದಯವಿಟ್ಟು ಬೇಡ. ಒಂದನೇ ತರಗತಿಯಿಂದಲೇ ಪ್ರತಿ ಪ್ರಶ್ನೆಪತ್ರಿಕೆಯಲ್ಲಿ ಖಾಲಿ ಚೌಕ ಜಾಗ ಬದಲಿಸಲಿ. ☐ = 7 + 5 ಎಂದು ಬರಲಿ. 9 = ☐ + 2 ಎಂದು ಬರಲಿ. ಮೂರನೇ ತರಗತಿ ಹೊತ್ತಿಗೆ 6 + ☐ = 10 + 3 ಬರಲಿ. 7 = 7 ಸರಿಯೋ ತಪ್ಪೋ ಎಂದು ಕೇಳಿ, ಮಕ್ಕಳು ಜಗಳವಾಡಲಿ. ಏಳನೇ ತರಗತಿಯ ಸರಳ ಸಮೀಕರಣದಲ್ಲಿ ಪಕ್ಷಾಂತರದ ಮಂತ್ರವನ್ನು ಪಾಠದ ಕೊನೆಗೆ ತಳ್ಳಿ, ಅಲ್ಲಿಯವರೆಗೆ "ಎರಡೂ ಕಡೆ" ಎಂಬ ಎರಡು ಪದ ಪ್ರತಿ ಹಂತದಲ್ಲೂ ಬರೆಸಿ. ಮೂರು ಅಂಕದ ಸಮೀಕರಣದಲ್ಲಿ ಒಂದು ಅಂಕ ತಾಳೆ ನೋಡಿದ್ದಕ್ಕೇ ಇಡಿ. ಉತ್ತರ ತಪ್ಪಾಗಿ, ತಾಳೆ ನೋಡಿ, "ತಾಳೆ ಆಗಲಿಲ್ಲ" ಎಂದು ಬರೆದ ಮಗುವಿಗೂ ಆ ಅಂಕ ಸಿಗಲಿ.

ಲೆಕ್ಕಗಳಿಗೂ ಬರಗಾಲವಿಲ್ಲ. ಕಲಬುರಗಿ ಜಿಲ್ಲೆಯ ಮಳಖೇಡದಿಂದ ಆಳಿದ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಒಂಬತ್ತನೇ ಶತಮಾನದಲ್ಲಿ, ಮಹಾವೀರಾಚಾರ್ಯ ಗಣಿತಸಾರಸಂಗ್ರಹ ಬರೆದ. ಅದರಲ್ಲೊಂದು ಲೆಕ್ಕ: ಮೂವರು ವರ್ತಕರಿಗೆ ದಾರಿಯಲ್ಲಿ ಒಂದು ಹಣದ ಥೈಲಿ ಕಾಣುತ್ತದೆ. ಇದು ನನಗೆ ಸಿಕ್ಕರೆ ನಿಮ್ಮಿಬ್ಬರ ಹಣದ ಎರಡರಷ್ಟು ನನ್ನದಾಗುತ್ತದೆ ಎನ್ನುತ್ತಾನೆ ಮೊದಲನೆಯವನು. ನನಗೆ ಸಿಕ್ಕರೆ ನಿಮ್ಮಿಬ್ಬರ ಮೂರರಷ್ಟು ಎನ್ನುತ್ತಾನೆ ಎರಡನೆಯವನು. ಐದರಷ್ಟು ಎನ್ನುತ್ತಾನೆ ಮೂರನೆಯವನು. ಉತ್ತರ ಮೊದಲೇ ಹೇಳಿಬಿಡುತ್ತೇನೆ: ಅವರ ಕೈಯಲ್ಲಿರುವುದು 1, 3, 5, ಥೈಲಿಯಲ್ಲಿ 15. ನಾನೂ ಮಕ್ಕಳಿಗೆ ಉತ್ತರ ಹೇಳಿಯೇ ಕೊಟ್ಟೆ, ಬಿಡಿಸಲು ಅಲ್ಲ, ತಾಳೆ ನೋಡಲು. 16, ಅದು 8ರ ಎರಡರಷ್ಟು. 18, ಅದು 6ರ ಮೂರರಷ್ಟು. 20, ಅದು 4ರ ಐದರಷ್ಟು. ಮೂರೂ ಸಾಲಿನಲ್ಲಿ ಸಮ ಚಿಹ್ನೆ ತನ್ನ ಜಾಗದಲ್ಲಿ ಸರಿಯಾಗಿ ನಿಂತಿತ್ತು. ಮಾರನೇ ದಿನ ಇಬ್ಬರು, ಥೈಲಿಯಲ್ಲಿ 30 ಇದ್ದರೂ ಆಗುತ್ತದೆ, ಆಗ ಎಲ್ಲರದ್ದೂ ಎರಡರಷ್ಟಾಗಬೇಕು ಎಂದು ಬರೆದುಕೊಂಡು ಬಂದರು. ಅವರನ್ನು ಯಾರೂ ಕೇಳಿರಲಿಲ್ಲ.

ಜೂನ್‌ನ ಹಾಳೆಗಳು ಅಚ್ಚಿಗೆ ಹೋಗಲು ಇನ್ನೂ ಸಮಯವಿದೆ ಎಂದು ತಿಳಿದುಕೊಂಡಿದ್ದೇನೆ. ಈ ಪತ್ರದ ಮೇಲ್ಗಡೆ ಬರೆದ ಎಂಟು, ನಾಲ್ಕು, ಐದರ ಆ ಒಂದು ಸಾಲನ್ನು ಅದರಲ್ಲಿ ಸೇರಿಸಿ. ಅರ್ಧ ಇಂಚು ಜಾಗ ಸಾಕು.

ಇಂತಿ,
ಒಬ್ಬ ಪ್ರೌಢಶಾಲಾ ಗಣಿತ ಶಿಕ್ಷಕಿ
ತುಮಕೂರು ಜಿಲ್ಲೆ